‘ನಮ್ಮ ತಾತ ಎರಡು ಹೆತ್ತು ಸಾಕಿದ್ದಾರೆ’: ಒಂದು ನಲಿಕಲಿ ಕೊಠಡಿಯ ‘ಹ’ ಪ್ರಕರಣ

ಇದು ‘ಹ’ ಅಕ್ಷರದ ಪ್ರಕರಣ. ನಡೆದದ್ದು ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು, ಹಲಗೂರು ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಶಾಲೆಗೆ ನಾವು ಇಬ್ಬರೇ ಶಿಕ್ಷಕರು. ಮುಖ್ಯ ಶಿಕ್ಷಕರು 4 ಮತ್ತು 5ನೇ ತರಗತಿ ನೋಡಿಕೊಳ್ಳುತ್ತಾರೆ. ಅದರ ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮೀಟಿಂಗು ಎಲ್ಲ ಅವರದೇ. 1ರಿಂದ 3ರವರೆಗಿನ ನಲಿಕಲಿ ಕೊಠಡಿ ನನ್ನದು. ವರ್ಗಾವಣೆಯಾಗಿ ಹೋದ ಶಿಕ್ಷಕಿಯ ಜಾಗಕ್ಕೆ ನಾನು ಬಂದಾಗ ಆ ಕೊಠಡಿಯಲ್ಲಿ 19 ಮಕ್ಕಳಿದ್ದರು.

ನಲಿಕಲಿ ನಮ್ಮ ಕಡೆಯದ್ದೇ ಕೂಸು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿಯಿಂದ ಕಲಿತು, ಇಲ್ಲಿಯ ಶಿಕ್ಷಕರೇ ಕಾರ್ಡುಗಳನ್ನು ಬರೆದು ಕಟ್ಟಿದ ಪದ್ಧತಿ. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಗುಂಪಿನ ಗುರುತಿಗೆ ಇಟ್ಟ ‘ತಟ್ಟೆ’ಗಳ ಸುತ್ತ ಗುಂಪಾಗಿ ಕೂರುತ್ತಾರೆ. ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಕಲಿಕಾ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕೆಯ ಪಟ್ಟಿ, ಹತ್ತುತ್ತಾರೆ. ಅಕ್ಷರಗಳೂ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಇದನ್ನು ಕೇಳಿ ಊರಿನ ತಾತಂದಿರಿಗೆ ಈಗಲೂ ಕಸಿವಿಸಿ. ‘ಅ ಆ ಇ ಈ ಬುಟ್ಬುಟ್ಟು ಇದೇನ್ ಮೇಡಂನೋರೆ ರಗಸದಅ?’ ಅಂತ ಕೇಳುತ್ತಾರೆ. ಈ ಪ್ರಕರಣಕ್ಕೆ ಬೇಕಾದ ವಿಷಯ ಇಷ್ಟೇ. ‘ಅ’ ಮೊದಲನೇ ಗುಂಪಿನಲ್ಲೇ ಬರುತ್ತದೆ, ‘ಹ’ ಮೊದಲ ಎರಡು ಗುಂಪಿನಲ್ಲೂ ಇಲ್ಲ. ಹಾಗಾಗಿ ಮಗು ‘ಅರಸ’, ‘ಅಗಸ’ ಎಂದು ಓದುತ್ತಾ ‘ಅ’ದ ಜೊತೆ ಚೆನ್ನಾಗಿ ಪಳಗಿದ ಮೇಲೆ ‘ಹ’ದ ಮುಖ ನೋಡುತ್ತದೆ.

ಶುರುವಿನಲ್ಲಿ ನನಗೆ ಕಂಡದ್ದು ಅಕ್ಷರದ ಸಮಸ್ಯೆಯಲ್ಲ, ಅಪಾರ ಶಿಸ್ತು. ಯಾವ ಮಗುವಿಗೆ ಏನು ಕೇಳಿದರೂ ಮೊದಲು ಎದ್ದು ನಿಲ್ಲುತ್ತಿತ್ತು. ಎಂಥ ಮರ್ಯಾದಸ್ತ ಮಕ್ಕಳು ಅಂದುಕೊಂಡೆ. ಒಂದು ದಿನ ಗಣಿತದ ಹೊತ್ತಿನಲ್ಲಿ ಗುಟ್ಟು ಹೊರಬಿತ್ತು.

‘ಆರಾದ ಮೇಲೆ ಎಷ್ಟು, ಹೇಳು.’

ಹುಡುಗ ಎದ್ದು ನಿಂತ.

‘ಕೂತ್ಕೊಂಡೇ ಹೇಳು.’

ಕೂತ. ಮತ್ತೆ ಎದ್ದ.

‘ಯಾಕೋ ಪುಟ್ಟ, ಏಳ್ತೀಯ?’

‘ಏಳು, ಮಿಸ್.’

‘ಅದನ್ನೇ ಕೇಳ್ತಿರೋದು. ಯಾಕೆ ಏಳ್ತೀಯ?’

‘ಆರಾದ್ಮೇಲೆ ಏಳೇ ಅಲ್ವಾ ಮಿಸ್ ಬರೋದು?’

ಅವನ ಮನೆಯ ಮಾತಿನಲ್ಲಿ ‘ಹೇಳು’ ಅನ್ನೋದೂ ಏಳು, ಮೇಲೆದ್ದು ನಿಲ್ಲು ಅನ್ನೋದೂ ಏಳು, ಆರಾದ ಮೇಲೆ ಬರೋದೂ ಏಳು. ನಾನು ಬಾಯ್ತುಂಬ ಹೇಳಿದ ‘ಹ’ ಅವನ ಕಿವಿಗೆ ಬಿದ್ದೇ ಇರಲಿಲ್ಲ. ಬಿದ್ದಿದ್ದರೂ ಅದಕ್ಕೊಂದು ಅರ್ಥ ಇದೆ ಅಂತ ಅವನಿಗೆ ಅನಿಸಿರಲಿಲ್ಲ.

ಮಂಡ್ಯ, ಮೈಸೂರು ಸೀಮೆಯ ಹಳ್ಳಿ ಮಾತಿನಲ್ಲಿ ಪದದ ಮೊದಲಿನ ‘ಹ’ ಬಿದ್ದುಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವುದು ‘ಅಲ್ಗೂರ್, ಅಲ್ಗೂರ್’ ಅಂತಲೇ. ಮೈಸೂರಿನಲ್ಲಿ ‘ಉಣ್ಸೂರ್’ ಬಸ್ ಹತ್ತಿದರೆ ಅದು ಹುಣಸೂರಿಗೇ ಹೋಗುತ್ತದೆ. ಅಕ್ಕಿಯೂ ಅಕ್ಕಿ, ಹಕ್ಕಿಯೂ ಅಕ್ಕಿ. ‘ಅಕ್ಕಿ ಆರೋಯ್ತು’ ಅಂದರೆ ಯಾರೂ ಮೇಲೆ ನೋಡಿ ಸೋನಾ ಮಸೂರಿ ಹುಡುಕುವುದಿಲ್ಲ. ಅಡುಗೆಮನೆಯಲ್ಲಿ ಅಂದರೆ ಅನ್ನದ ಅಕ್ಕಿ, ಹೊಲದಲ್ಲಿ ಅಂದರೆ ರೆಕ್ಕೆಯ ಅಕ್ಕಿ. ಸಂದರ್ಭವೇ ಅರ್ಥ ಕೊಡುತ್ತದೆ. ಹಾಗಾಗಿ ಮಾತಾಡುವಾಗ ‘ಹ’ ಇಲ್ಲದೆ ಯಾರಿಗೂ ಏನೂ ನಷ್ಟವಾಗಿಲ್ಲ. ನಷ್ಟ ಶುರುವಾಗುವುದು ಪೆನ್ಸಿಲ್ ಹಿಡಿದ ಮೇಲೆ.

ಆ ಮಕ್ಕಳ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ನೋಡಿದೆ. ಹಿಂದಿನ ಶಿಕ್ಷಕಿ ತುಂಬ ಶ್ರದ್ಧೆಯಿಂದ ತಿದ್ದಿದ್ದರು. ‘ಆಲು’ ಅಂತಿದ್ದ ಕಡೆ ಕೆಂಪು ಗೆರೆ, ಮೇಲೆ ‘ಹಾಲು’. ‘ಅಬ್ಬ’ ಇದ್ದ ಕಡೆ ಗೆರೆ, ಮೇಲೆ ‘ಹಬ್ಬ’. ನಮ್ಮಲ್ಲಿ ಎಲ್ಲರೂ ತಿದ್ದುವುದು ಹೀಗೇ. ನಾನು ತಪ್ಪುಗಳನ್ನೆಲ್ಲ ಒಂದು ಹಾಳೆಗೆ ಬರೆದುಕೊಂಡೆ. ಆಗ ಅವು ಎರಡು ಜಾತಿಯವು ಅನ್ನೋದು ಕಂಡಿತು. ಒಂದು, ‘ಹ’ ಬಿಟ್ಟದ್ದು: ಆಲು, ಊವು, ಉಲಿ, ಅಸು. ಇದು ನಿರೀಕ್ಷೆ ಇದ್ದದ್ದೇ. ಇನ್ನೊಂದು, ಇಲ್ಲದ ಕಡೆ ‘ಹ’ ಹಾಕಿದ್ದು: ಹಾನೆ, ಹಜ್ಜಿ, ಹೆಲೆ, ಹೂಟ. ‘ನಾನು ಪುಸ್ತಕ ಹೋದುತ್ತೇನೆ’ ಅಂತ ಒಂದು ಕಡೆ. ‘ಹಮ್ಮ ಹಡುಗೆ ಮಾಡುತ್ತಾರೆ’ ಅಂತ ಇನ್ನೊಂದು ಕಡೆ.

ಈ ಎರಡನೇ ಜಾತಿಯ ತಪ್ಪುಗಳ ರಾಣಿ ಅಂದರೆ ಎರಡನೇ ತರಗತಿಯ ಒಬ್ಬ ಹುಡುಗಿ. ಇಲ್ಲಿ ಅವಳನ್ನು ಪುಟ್ಟಿ ಅನ್ನೋಣ. ‘ನಮ್ಮ ಮನೆ’ ಬಗ್ಗೆ ಐದು ವಾಕ್ಯ ಬರೆಯಲು ಕೊಟ್ಟಿದ್ದೆ. ಅಚ್ಚುಕಟ್ಟಾದ ಅಕ್ಷರದಲ್ಲಿ ಅವಳು ಬರೆದದ್ದು: ‘ನಮ್ಮ ತಾತ ಎರಡು ಹೆತ್ತು ಸಾಕಿದ್ದಾರೆ.’ ನಾನು ಸ್ಟಾಫ್ ರೂಮಿಗೆ ಹೋಗಿ ನಗು ಮುಗಿಸಿಕೊಂಡು ಬಂದೆ. ಸ್ಟಾಫ್ ರೂಮ್ ಅಂದರೆ ಸುಮ್ನೆ ಹೆಸರಿಗೆ, ಅಕ್ಕಿ ಮೂಟೆ ಇಡುವ ಕೋಣೆ. ಮುಖ್ಯ ಶಿಕ್ಷಕರಿಗೆ ತೋರಿಸಿದರೆ ಅವರು ಗಂಭೀರವಾಗಿ ಕೇಳಿದರು, ‘ಬಾಣಂತನ ಯಾರು ಮಾಡಿದರಂತೆ?’

ನಗು ಮುಗಿದ ಮೇಲೆ ಯೋಚನೆಗೆ ಬಿದ್ದೆ. ಪುಟ್ಟಿ ದಡ್ಡಿಯಲ್ಲ. ಏಣಿಯಲ್ಲಿ ಅವಳು ಎಲ್ಲರಿಗಿಂತ ಮುಂದೆ ಇದ್ದಳು. ಅವಳ ಪಕ್ಕದಲ್ಲೇ ಕೂರುವ, ‘ಏಳು’ ಖ್ಯಾತಿಯ ಹುಡುಗ ಓದಿನಲ್ಲಿ ಸಾಕಷ್ಟು ಹಿಂದೆ. ಆದರೆ ಅವನ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ‘ಹಾನೆ’ ಇರಲಿಲ್ಲ. ಅವನು ಎಲ್ಲ ಕಡೆ ‘ಹ’ ಬಿಡುತ್ತಿದ್ದ, ಅಷ್ಟೇ. ಆನೆಯನ್ನು ಆನೆ ಅಂತಲೇ ಸರಿಯಾಗಿ ಬರೆಯುತ್ತಿದ್ದ. ಅವನ ತಪ್ಪಿಗೆ ಒಂದು ನಿಯಮವಿತ್ತು. ಪುಟ್ಟಿಯ ತಪ್ಪು ಎಲ್ಲಿ ಬೇಕಾದರೂ ಬರಬಹುದಿತ್ತು.

ಕಾರಣ ಕೆಂಪು ಗೆರೆಯಲ್ಲೇ ಇತ್ತು. ಗೆರೆಯನ್ನು ಅವನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ, ಅದರಿಂದ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪುಟ್ಟಿ ಪ್ರತಿ ಗೆರೆಯನ್ನೂ ಓದಿದ್ದಳು. ಓದಿ, ಅವಳಿಗೆ ಸಿಕ್ಕಿದ ಪಾಠ ಇದು: ನಾನು ‘ಅ’ ಬರೆದಾಗ ಮಿಸ್ಸಿಗೆ ‘ಹ’ ಬೇಕು. ಯಾವ ಪದದಲ್ಲಿ ಬೇಕು, ಯಾವುದರಲ್ಲಿ ಬೇಡ ಅಂತ ಕೆಂಪು ಗೆರೆ ಹೇಳುವುದಿಲ್ಲ. ಮನೆಯ ಕಿವಿಯೂ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಎಲ್ಲವೂ ‘ಅ’. ಹಾಗಾಗಿ ಅನುಮಾನ ಬಂದಾಗಲೆಲ್ಲ ಅವಳು ಒಂದು ‘ಹ’ ಸೇರಿಸಿ ನಿಶ್ಚಿಂತೆಯಾಗುತ್ತಿದ್ದಳು. ಜಾಸ್ತಿ ಶ್ರದ್ಧೆ ಇದ್ದ ಮಗುವಿಗೇ ಜಾಸ್ತಿ ತಪ್ಪು. ಈ ಪ್ರಕರಣದಲ್ಲಿ ಬರೆದಿಡಬೇಕು ಅನಿಸಿದ್ದು ಮುಖ್ಯವಾಗಿ ಇದನ್ನೇ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಹೇಳಿಸುವುದು. ಅದನ್ನೂ ಮಾಡಿದೆ.

‘ಹಾಲು ಅನ್ನು.’

‘ಆಲು.’

‘ಆಲು ಅಲ್ಲ ಪುಟ್ಟಿ, ಹಾಲು.’

‘ಅದೇ ಮಿಸ್, ಆಲು.’

‘ನಾನು ಏನಂದೆ?’

‘ಆಲು ಅಂದ್ರಿ.’

ಅವಳ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕನಿಕರ ಇತ್ತು.

ಕಿವಿಯಿಂದ ಆಗದಿದ್ದರೆ ಕಣ್ಣಿಂದ ಆಗಲಿ ಅಂತ ಬಿಸಿಯೂಟದ ಸ್ಟೀಲ್ ತಟ್ಟೆ ತರಿಸಿದೆ. ‘ಹ’ ಅಂದರೆ ಉಸಿರು. ತಟ್ಟೆಯನ್ನು ಬಾಯಿಗೆ ಹತ್ತಿರ ಹಿಡಿದು ‘ಹಾ’ ಅಂದರೆ ದಟ್ಟವಾಗಿ ಮಂಜು ಕೂರುತ್ತದೆ, ‘ಆ’ ಅಂದರೆ ಅಷ್ಟು ಕೂರುವುದಿಲ್ಲ. ಇದು ಕೆಲಸ ಮಾಡಿತು, ಅಗತ್ಯಕ್ಕಿಂತ ಹೆಚ್ಚೇ ಮಾಡಿತು. 19 ಮಕ್ಕಳೂ ತಟ್ಟೆಗಳ ಮೇಲೆ ಹಾ ಹಾ ಎಂದು ಉಸಿರು ಬಿಟ್ಟು, ಮಂಜಿನ ಮೇಲೆ ಬೆರಳಿಂದ ಮೀಸೆ ಬರೆದರು. ಒಂದನೇ ತರಗತಿಯವನೊಬ್ಬ ಉಸಿರು ಸಾಲದೆ ಉಗುಳಿಯೇಬಿಟ್ಟ. ಅಡುಗೆಯ ಅಕ್ಕ ಬಂದು ‘ತೊಳ್ದಿಟ್ಟಿದ್ ತಟ್ಟೆ ಕಣ್ರಲಾ’ ಅಂತ ಬೈದರು. ಕ್ಷೀರಭಾಗ್ಯದ ಲೋಟ ಬಂದಾಗಲೂ ಇದೇ ನಡೆಯಿತು. ಆ ಯೋಜನೆ 2013ರ ಆಗಸ್ಟ್ 1ರಂದು ಶುರುವಾದದ್ದು, ಮಗುವಿಗೆ 150 ಮಿಲಿಲೀಟರ್ ಬಿಸಿ ಹಾಲು. ಆ ವಾರವೆಲ್ಲ ನಮ್ಮ ಮಕ್ಕಳು ಅದನ್ನು ಕುಡಿಯುವ ಮೊದಲು ಲೋಟದ ಹೊರಮೈಗೆ ‘ಹಾ’ ಅಂದು, ‘ಹಾಲು’ ಅಂತ ಘೋಷಿಸಿ, ಆಮೇಲೆ ಕುಡಿದರು.

ವಾರ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ‘ಹ’ ಬರುತ್ತಿತ್ತು. ಬರವಣಿಗೆಯಲ್ಲಿ ಮಾತ್ರ ಏನೇನೂ ಬದಲಾಗಲಿಲ್ಲ. ‘ಹಾನೆ’ ಹಾಗೇ ಇತ್ತು. ಈಗ ಅದನ್ನು ತುಂಬ ಸ್ಪಷ್ಟವಾಗಿ, ಎದೆಯುಬ್ಬಿಸಿ ಓದುತ್ತಿದ್ದಳು, ಅಷ್ಟೇ ವ್ಯತ್ಯಾಸ. ‘ಹ’ ಹೇಳಲು ಬರುವುದು ಒಂದು ವಿದ್ಯೆ, ಯಾವ ಪದದಲ್ಲಿ ‘ಹ’ ಇದೆ ಅಂತ ಗೊತ್ತಿರುವುದು ಬೇರೆಯೇ ವಿದ್ಯೆ. ಬರೆಯುವಾಗ ಮಗು ಒಳಗೊಳಗೇ ಪದವನ್ನು ಹೇಳಿಕೊಳ್ಳುತ್ತದೆ. ಆ ಒಳದನಿ ಟೀಚರ್‌ದಲ್ಲ, ಅವ್ವನದು.

ಇಲ್ಲಿ ಒಂದು ಅಡ್ಡಮಾತು. ಹಳೆಗನ್ನಡದಲ್ಲಿ ಈ ಪದಗಳಿಗೆ ‘ಹ’ ಇರಲೇ ಇಲ್ಲ. ಹಾಲು ಪಾಲ್ ಆಗಿತ್ತು, ಹುಲಿ ಪುಲಿ, ಹಕ್ಕಿ ಪಕ್ಕಿ, ಹೆಸರು ಪೆಸರ್. ತಮಿಳಿನಲ್ಲಿ ಈಗಲೂ ಪಾಲ್, ಪುಲಿ. ತುಳುವಿನಲ್ಲಿ ಈಗಲೂ ಪಕ್ಕಿ, ಪಿಲಿ. ಹತ್ತನೇ ಶತಮಾನದ ಆಸುಪಾಸಿನಿಂದ ಕೆಲವು ನೂರು ವರ್ಷಗಳಲ್ಲಿ ನಮ್ಮ ‘ಪ’ ಮೆತ್ತಗಾಗಿ ‘ಹ’ ಆಯಿತು. ಮಂಡ್ಯದ ಮಾತು ಅಲ್ಲಿಂದ ಇನ್ನೊಂದು ಹೆಜ್ಜೆ ಹೋಗಿ ‘ಹ’ವನ್ನೂ ಬಿಟ್ಟಿತು. ಪಟ್ಟಣದವರು ನಗುತ್ತಾರೆ. ಆದರೆ ‘ಹಾಸ್ಪಿಟಲ್’ನಿಂದ ಬಂದ ‘ಆಸ್ಪತ್ರೆ’ಯಲ್ಲಿ ಎಂದೋ ಬಿದ್ದುಹೋದ ‘ಹ’ಕ್ಕೆ ಯಾರೂ ಕೆಂಪು ಗೆರೆ ಹಾಕುವುದಿಲ್ಲ. ಪುಟ್ಟಿ ‘ಹಾಸ್ಪತ್ರೆ’ ಅಂತ ಬರೆದಾಗ ನಾನು ತಿದ್ದಲೋ ಬೇಡವೋ ಅಂತ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಈ ಇತಿಹಾಸ ಹೇಳಿ ಎರಡನೇ ತರಗತಿಯ ಮಗುವಿಗೆ ಏನೂ ಪ್ರಯೋಜನವಿಲ್ಲ. ಟೀಚರಿಗೆ ಇದೆ. ಮಗುವಿನ ನಾಲಿಗೆಯಲ್ಲಿ ದೋಷ ಇದೆ, ಮನೆಯಲ್ಲಿ ಸಂಸ್ಕಾರ ಇಲ್ಲ ಅನ್ನುವ ಮಾತು ಆಮೇಲೆ ಬಾಯಿಗೆ ಬರುವುದಿಲ್ಲ.

ತಟ್ಟೆ ಪ್ರಯೋಗ ಆದ ಮೇಲೆ ಮಾಡಿದ್ದು ಎರಡು ಕೆಲಸ. ಮೊದಲನೆಯದು, ಕೆಂಪು ಗೆರೆ ನಿಲ್ಲಿಸಿದೆ. ಬಿಟ್ಟ ‘ಹ’ಕ್ಕೆ ತಿದ್ದುಪಡಿ ಪೂರ್ತಿ ಬಂದ್. ಬದಲಿಗೆ ‘ಹ’ ಪದಗಳನ್ನು ಕಣ್ಣಿಗೆ ಬೀಳುವ ಹಾಗೆ ಮಾಡಿದೆ. ನಲಿಕಲಿ ಕೊಠಡಿಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ಚಪ್ಪರ ಇರುತ್ತದೆ. ಅದರಲ್ಲಿ ಒಂದು ದಾರವನ್ನು ‘ಹ’ ಮನೆ ಅಂತ ಬಿಟ್ಟುಕೊಟ್ಟೆವು. ದಿನಕ್ಕೆ ಒಂದೆರಡು ಪದ, ಚಿತ್ರದ ಸಮೇತ. ಹಾಲು, ಹಸು, ಹೂವು, ಹುಲಿ, ಹಬ್ಬ, ಹೊಲ. ‘ಅ’ ಪದಗಳಿಗೆ ದಾರ ಇಲ್ಲ. ಬರೆಯುವಾಗ ಅನುಮಾನ ಬಂದರೆ ಮೇಲೆ ನೋಡು. ಅಲ್ಲಿ ಇದ್ದರೆ ‘ಹ’, ಇಲ್ಲದಿದ್ದರೆ ಕಿವಿಗೆ ಕೇಳಿದ ಹಾಗೆ ಬರಿ. ಇಷ್ಟೇ ನಿಯಮ. ಜೊತೆಗೆ ಜೋಡಿ ಕಾರ್ಡುಗಳು: ಅಕ್ಕಿ-ಹಕ್ಕಿ, ಉಳಿ-ಹುಳಿ, ಆರು-ಹಾರು, ಎತ್ತು-ಹೆತ್ತು. ಎತ್ತಿನ ಕಾರ್ಡಿಗೆ ಪುಟ್ಟಿಯೇ ಚಿತ್ರ ಬರೆದಳು. ಹೆತ್ತದ್ದಕ್ಕೆ ಏನು ಚಿತ್ರ ಅಂತ ಚರ್ಚೆಯಾಗಿ, ಕೊನೆಗೆ ಒಂದು ಹಸು, ಪಕ್ಕದಲ್ಲಿ ಕರು. ‘ತಾತ ಬ್ಯಾಡ’ ಅಂತ ಅವಳೇ ತೀರ್ಮಾನ ಕೊಟ್ಟಳು.

ಮಕ್ಕಳು ಬರೆಯುವಾಗ ಚಾವಣಿ ನೋಡುತ್ತಿದ್ದದ್ದು ಬೇರೆಯವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಭೇಟಿಗೆ ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ‘ಹಲ್ಲಿ ಏನಾದ್ರೂ ಇದೆಯಾ?’ ಅಂತ ಅವರೂ ಮೇಲೆ ನೋಡಿದರು. ‘ಹಲ್ಲಿ ಇಲ್ಲ ಸಾರ್, ಅದು ನಾಳಿಕೆ’ ಅಂದ ನಮ್ಮ ಹುಡುಗ. ಅದು ಮರುದಿನದ ಪದವಾಗಿತ್ತು.

ಎರಡನೇ ಕೆಲಸವನ್ನು ನಾನು ಯೋಜಿಸಿರಲಿಲ್ಲ. ಊಟದ ಹೊತ್ತಿನಲ್ಲಿ ನಮ್ಮಮ್ಮನ ಫೋನ್ ಬಂದಿತ್ತು. ನಮ್ಮದು ಹುಣಸೂರು ಕಡೆ. ಮಾತು ಮುಗಿಸಿ ತಿರುಗಿದರೆ ಹಿಂದೆ ನಾಲ್ಕು ಜನ ಸಾಕ್ಷಿಗಳು. ‘ಮಿಸ್ಸು ಏಳ್ತೀನಿ ಅಂದ್ರು! ಓಗ್ಬುಟ್ಟು ಬತ್ತೀನಿ ಅಂದ್ರು!’ ಕ್ಷಣದಲ್ಲಿ ಸುದ್ದಿ ಶಾಲೆಗೆಲ್ಲ ಹಬ್ಬಿತು. ಒಳ್ಳೆಯದೇ ಆಯಿತು. ಒಬ್ಬರೇ ಎರಡು ಥರ ಮಾತಾಡಬಹುದು ಅನ್ನೋದನ್ನು ನಾನು ಪಾಠ ಮಾಡಿ ಹೇಳಬೇಕಾಗಲಿಲ್ಲ. ಅದನ್ನೇ ಆಟ ಮಾಡಿದೆವು. ಒಬ್ಬರು ಕಂಡಕ್ಟರ್, ಒಬ್ಬರು ಟಿವಿ ವಾರ್ತೆ ಓದುವವರು. ಕಂಡಕ್ಟರ್ ‘ಹ’ ಹೇಳಿದರೆ ಔಟ್, ವಾರ್ತೆಯವರು ‘ಹ’ ಬಿಟ್ಟರೆ ಔಟ್. ‘ಹಲಗೂರಿನಲ್ಲಿ ಹುಲಿ ಬಂದಿದೆ, ಹಸುವನ್ನು ಹಿಡಿದಿದೆ’ ಅಂತ ಪುಟ್ಟಿ ವಾರ್ತೆ ಓದಿದರೆ, ಆ ಹುಡುಗ ‘ಅಲ್ಗೂರ್ ಅಲ್ಗೂರ್, ಉಲಿ ಬಂದದೆ, ಬ್ಯಾಗ ಅತ್ಕಳಿ, ರೈಟ್ ರೈಟ್’ ಅಂತ ಬಸ್ ಓಡಿಸಿದ. ಓದಿನಲ್ಲಿ ಹಿಂದಿದ್ದ ಅವನು ಈ ಆಟದಲ್ಲಿ ರಾಜ. ‘ಹ’ ಎಲ್ಲಿ ಬಿಡಬೇಕು ಅಂತ ಗೊತ್ತಾಗಬೇಕಾದರೆ ಎಲ್ಲಿ ಇದೆ ಅಂತಲೂ ಗೊತ್ತಿರಬೇಕಲ್ಲ. ಅವನು ಬರೆಯುವುದರಲ್ಲಿ ‘ಹ’ ಕಾಣಿಸಿಕೊಂಡದ್ದು ಈ ಆಟ ಶುರುವಾದ ಮೇಲೆಯೇ.

ಮಧ್ಯೆ ಒಂದು ತಕರಾರೂ ಬಂತು. ಪುಟ್ಟಿಯ ಅಜ್ಜಿ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಕಾದಿದ್ದರು. ‘ಅಲ್ಲ ಕಣವ್ವ, ಇದು ಮನೇಲಿ ಯಾರಿಗೂ ಬಾಯ್ ಬುಡಕ್ ಬುಡ್ತಿಲ್ಲ. ಆಲ್ ಕುಡಿ ಅಂದ್ರೆ, ಆಲ್ ಅಲ್ಲ ಕಣಜ್ಜಿ, ಆಲು ಅಲ್ಲ, ಅಂತ ಮಕದ್ ಮ್ಯಾಕೆ ಉಸ್ರು ಬುಡ್ತದೆ. ನಾನ್ ಅರ್ವತ್ ವರ್ಸದಿಂದ ಕುಡೀತಾ ಇರದು ಆಲಲ್ವಾ?’ ನಗುತ್ತಲೇ ಹೇಳಿದರು. ಆದರೆ ಮೊಮ್ಮಗಳು ನಾಲ್ಕು ಜನರ ಮುಂದೆ ತಿದ್ದಿದ್ದು ಅವರಿಗೆ ಚುಚ್ಚಿತ್ತು ಅನ್ನೋದು ಕಾಣುತ್ತಿತ್ತು. ಅಂದು ತರಗತಿಯಲ್ಲಿ ಒಂದು ಹೊಸ ನಿಯಮ ಸೇರಿತು. ‘ಹ’ ಮನೆ ಶಾಲೆಯಲ್ಲಿದೆ, ಅದನ್ನು ಊರಿಗೆ ಹೊತ್ತುಕೊಂಡು ಹೋಗುವ ಹಾಗಿಲ್ಲ. ಅಜ್ಜಿಯ ಹತ್ತಿರ ಕಂಡಕ್ಟರ್ ಮಾತು. ಅಜ್ಜಿಯನ್ನೂ ಒಂದು ಶನಿವಾರ ಕರೆಸಿ ಕಥೆ ಹೇಳಿಸಿದೆ. ಅವರ ಕಥೆಯ ಹುಲಿ ಮೊದಲಿಂದ ಕೊನೆಯವರೆಗೂ ಉಲಿಯಾಗಿಯೇ ಇತ್ತು, ಮಕ್ಕಳು ಒಬ್ಬರೂ ತಿದ್ದಲಿಲ್ಲ. ಕಥೆ ಮುಗಿದ ಮೇಲೆ ಚಿತ್ರ ಬರೆದು ಕೆಳಗೆ ‘ಹುಲಿ’ ಅಂತ ಬರೆದರು, ಹೆಚ್ಚಿನವರು.

ವರ್ಷದ ಕೊನೆಯ ಸ್ಥಿತಿ ಹೀಗಿತ್ತು. ಪುಟ್ಟಿಯ ಬರವಣಿಗೆಯಲ್ಲಿ ಸುಮ್ಮಸುಮ್ನೆ ಸೇರುವ ‘ಹ’ ಹೆಚ್ಚುಕಡಿಮೆ ನಿಂತಿತು. ಆನೆ ಆನೆಯಾಯಿತು, ತಾತನ ಎತ್ತುಗಳು ಎತ್ತುಗಳಾದವು. ನಾಮಪದಗಳಲ್ಲಿ ಬಿಡುವ ‘ಹ’ವೂ ಕಡಿಮೆಯಾಯಿತು, ದಾರದಲ್ಲಿ ತೂಗುವುದು ಅವೇ ತಾನೇ. ಕ್ರಿಯಾಪದಗಳಲ್ಲಿ ಸೋತೆವು. ‘ಹೋಗು’ ಅನ್ನೋದು ಹೋದ, ಹೋಗಿ, ಹೋಗುತ್ತೇನೆ ಅಂತ ರೂಪ ಬದಲಿಸುತ್ತಾ ಓಡಾಡುತ್ತದೆ, ದಾರಕ್ಕೆ ಸಿಗುವುದಿಲ್ಲ. ‘ಅಣ್ಣ ಸಂತೆಗೆ ಓದ’ ಅಂತ ಈಗಲೂ ಬರುತ್ತದೆ. ‘ಹಿಂದೆ’, ‘ಹೊರಗೆ’, ‘ಹಾಗೆ’ ಇವಕ್ಕೆ ಚಿತ್ರ ಬರೆಯಲು ಆಗದ್ದರಿಂದ ಅವೂ ಉಳಿದವು. ಆ ಹುಡುಗ ‘ಹೇಳು’ ಅಂದರೆ ಈಗ ಏಳುವುದಿಲ್ಲ. ನಿಜಕ್ಕೂ ‘ಏಳು’ ಅಂದಾಗಲೂ ಏಳುವುದಿಲ್ಲ, ಅದು ‘ಹ’ದ ಸಮಸ್ಯೆ ಅಂತ ನನಗೆ ಅನಿಸುವುದಿಲ್ಲ.

ಮಕ್ಕಳು ನಾಲ್ಕಕ್ಕೆ ಹೋಗುವಾಗ ಮುಖ್ಯ ಶಿಕ್ಷಕರಿಗೆ ಒಂದು ಪಟ್ಟಿ ಕೊಟ್ಟೆ: ಹೋಗು, ಹೇಳು, ಹಾಕು, ಹಿಡಿ, ಹತ್ತು. ಇವುಗಳ ಎಲ್ಲ ರೂಪಗಳನ್ನೂ ಓದಿಸಿ, ಬಿಟ್ಟ ‘ಹ’ಕ್ಕೆ ಸದ್ಯಕ್ಕೆ ಅಂಕ ಕಳೆಯಬೇಡಿ ಅಂತ ಕೇಳಿಕೊಂಡೆ. ಅವರು ಪಟ್ಟಿ ನೋಡಿ, ‘ಸರಿ ಮೇಡಂ, ಆದರೆ ಇವರಲ್ಲಿ ಅರ್ಧ ಜನ ನನಗೆ ರಜಾ ಅರ್ಜಿಯಲ್ಲಿ ‘ಸಾಲೆಗೆ ಬರಲು ಆಗುವುದಿಲ್ಲ’ ಅಂತ ಬರೀತಾರೆ, ಅದಕ್ಕೇನು ಮಾಡಲಿ?’ ಅಂದರು. ‘ಶ’ಕ್ಕೆ ಕಟ್ಟಲು ಚಪ್ಪರದಲ್ಲಿ ಇನ್ನೂ ಒಂದು ದಾರ ಖಾಲಿ ಇದೆ ಅಂದೆ.